ಬೀಜಕ್ಕಲ್ಲದ ಹಾವುಗಳು

ನಮ್ಮ ಭಾವ ಸಿದ್ದಯ್ಯನ ಕೈಯನ್ನು ನಾನು ಬಹಳ ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದರಲ್ಲಿ ವಿಶೇಷವೇನೂ ಇಲ್ಲ. ಎಲ್ಲರಿಗಿರುವ ಹಾಗೆ ಐದು ಬೆರಳು, ಹಿಪ್ಪುನೇರಳೆ ಸೊಪ್ಪು ಕೊಯ್ದು ಕಪ್ಪಾದ ಉಗುರು, ಎಡ ಹೆಬ್ಬೆರಳಿನ ಮೇಲೆ ಕುಡುಗೋಲು ತಗುಲಿದ ಗುರುತು. ಆದರೂ ಸಾವನದುರ್ಗದ ಮಗ್ಗುಲಿನ ಹಳ್ಳಿಗಳಲ್ಲಿ ತೋಟಕ್ಕೆ ಮೊದಲ ಕಡ್ಡಿ ನೆಡುವಾಗ, ತಂದ ಹಸುವನ್ನು ಮೊದಲ ಸಲ ಗೂಟಕ್ಕೆ ಕಟ್ಟುವಾಗ, ಹೊಸ ಹುಳದ ಮನೆಯಲ್ಲಿ ಮೊದಲ ಸೊಪ್ಪು ಹಾಕುವಾಗ ಜನ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಅವನ ಕೈಗುಣ ಅಷ್ಟು ಒಳ್ಳೆಯದಂತೆ. ಬಿಡದಿಯ ನನ್ನ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಮೊದಲ ತಟ್ಟೆಗೆ ಹಿಟ್ಟು ಹುಯ್ದವನೂ ಅವನೇ. ಈಗ ರೈಲಿಳಿದವರು, ಫ್ಯಾಕ್ಟರಿ ಬಸ್ಸಿಗೆ ಕಾಯುವವರು ನನ್ನ ಇಡ್ಲಿಗೆ ಸಾಲು ನಿಲ್ಲುತ್ತಾರೆ. ಬೆಳಗಿನ ಜಾವ ಎದ್ದು ಬೇಯಿಸುವವನು ನಾನು, ಹೆಸರು ಅವನ ಕೈಗೆ.

ಭಾವನನ್ನು ಬಹುವಚನದಲ್ಲಿ ಮಾತಾಡಿಸಬೇಕು ಎಂಬುದು ನಮ್ಮಕ್ಕ ಶಿವಲಿಂಗಮ್ಮನ ಆಜ್ಞೆ. ಎದುರಿಗೆ ಹಾಗೆಯೇ ಮಾತಾಡಿಸುತ್ತೇನೆ. ಬರೆಯುವಾಗ ಅಕ್ಕ ಬಂದು ನೋಡುವುದಿಲ್ಲ.

ಅವನು ಮೀಸೆ ಚಿಗುರಿದಾಗಿನಿಂದ ತಲೆ ನೆರೆಯುವವರೆಗೂ ದುಡಿದದ್ದು ಮಾಗಡಿಯ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ. ರೈತರಿಗೆ ರೇಷ್ಮೆ ಹುಳದ ಮೊಟ್ಟೆ ತಯಾರು ಮಾಡಿಕೊಡುವ ಜಾಗ ಅದು. ಬೆಳಿಗ್ಗೆ ಗೂಡು ಬಿಟ್ಟು ಹೊರಬಂದ ಚಿಟ್ಟೆಗಳಲ್ಲಿ ಮೈಸೂರು ತಳಿಯ ಹೆಣ್ಣು, ಬಿಳಿ ತಳಿಯ ಗಂಡು ಆರಿಸಿ ಜೋಡಿ ಬಿಡಬೇಕು. ಮೇಲೆ ಮಂಕರಿ ಕವುಚಿ ಕತ್ತಲು ಮಾಡಿ ಸುಮ್ಮನಾಗಬೇಕು. ಹೊತ್ತಾದ ಮೇಲೆ ರೆಕ್ಕೆ ಮುರಿಯದ ಹಾಗೆ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಮೊಟ್ಟೆಗೆ ಬಿಡಬೇಕು. ಭಾವ ಬಿಟ್ಟ ಜೋಡಿ ಹುಸಿಯಾದದ್ದೇ ಇಲ್ಲವಂತೆ. ರಾಮನಗರ, ಚನ್ನಪಟ್ಟಣ, ಕನಕಪುರದ ರೈತರು ಸಾಕುವುದು ಹೀಗೆ ಹುಟ್ಟಿದ ಮಿಶ್ರ ತಳಿಯನ್ನೇ. ಹುಳ ಗಟ್ಟಿ, ಗೂಡು ದಪ್ಪ, ನೂಲು ಜಾಸ್ತಿ.

ಆದರೆ ಇದಕ್ಕೊಂದು ಕಟ್ಟುಪಾಡಿದೆ. ಮಿಶ್ರ ತಳಿಯ ಗೂಡು ನೂಲಿಗೆ ಹೋಗಬೇಕೇ ಹೊರತು ಮತ್ತೆ ಬೀಜಕ್ಕೆ ಬರಕೂಡದು. ಬೀಜಕ್ಕೆಂದು ಶುದ್ಧ ಮೈಸೂರು ತಳಿಯನ್ನು ಕಾಪಾಡಿಕೊಂಡು ಬಂದಿರುವ ಹಳ್ಳಿಗಳು ಬೇರೆಯೇ ಇವೆ. ಭಾವನ ಊರು ಅಂಥ ಬೀಜದೂರು. ಅಲ್ಲಿ ಯಾರೂ ಮಿಶ್ರ ಹುಳವನ್ನು ಊರೊಳಗೆ ತರುವ ಹಾಗಿಲ್ಲ. ಹಿಂದೊಬ್ಬ ಆಸೆಬಿದ್ದು ಅಕ್ಕೂರಿನ ಕಡೆಯಿಂದ ಮಿಶ್ರ ಹುಳವನ್ನು ಮುಚ್ಚಿಕೊಂಡು ತಂದು ಸಾಕಿದ್ದ. ಊರವರು ಬಯ್ಯಲಿಲ್ಲ, ಹೊಡೆಯಲಿಲ್ಲ, ಅವನ ಮಗಳ ನಾಮಕರಣಕ್ಕೆ ಒಬ್ಬರೂ ಹೋಗಲಿಲ್ಲ ಅಷ್ಟೇ. ಮಿಶ್ರ ತಳಿ ಬೀಜಕ್ಕೆ ಸೇರಿದರೆ ಮುಂದಿನ ಬೆಳೆಯಲ್ಲಿ ಒಂದು ಹುಳ ಇಂದು ಗೂಡು ಕಟ್ಟುತ್ತದೆ, ಇನ್ನೊಂದು ಮುಂದಿನ ವಾರ. ಒಂದು ಗೂಡು ಹಳದಿ, ಇನ್ನೊಂದು ಬಿಳಿ. ಯಾರ ಮನೆಯಿಂದ ಕೆಟ್ಟಿತು ಎಂದು ಹುಡುಕಿದರೂ ಸಿಗುವುದಿಲ್ಲ. ಇದನ್ನು ಕಲಿಯಲು ಅಲ್ಲಿ ಯಾರೂ ಶಾಲೆಗೆ ಹೋಗಬೇಕಾಗಿಲ್ಲ, ಹಾಲಿನ ಜೊತೆಗೇ ಒಳಗೆ ಹೋಗಿರುತ್ತದೆ.

ಕೋಠಿಯ ಯಜಮಾನರಿಗೆ ವಯಸ್ಸಾಗಿ ಅದು ಮುಚ್ಚಿತು. ಭಾವ ಮನೆಯಲ್ಲಿ ಕೂತ. ಹೊಲಕ್ಕೆ ಹೋದರೂ ಅವನ ಕೈ ಸುಮ್ಮನಿರಲಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿಡುವುದು, ಅಕ್ಕನ ಡಬ್ಬಗಳಿಗೆ ಮುಚ್ಚಳ ಹೊಂದಿಸಲು ಒಳಗಿದ್ದದ್ದನ್ನು ಅದಲುಬದಲು ಮಾಡುವುದು. ಬೆಲ್ಲದ ಡಬ್ಬದಲ್ಲಿ ಮೆಣಸಿನಪುಡಿ, ಮೆಣಸಿನಪುಡಿಯ ಡಬ್ಬದಲ್ಲಿ ಕಡಲೆ. ನಾಲ್ಕು ದಿನ ನೋಡಿ ಅಕ್ಕ ನನಗೆ ಫೋನ್ ಮಾಡಿದಳು. “ನಿಮ್ ಭಾವುಂಗೆ ಎಲ್ಲಾರ ಒಂದ್ ಕೆಲ್ಸ ನೋಡಪ್ಪ. ಇಲ್ದಿದ್ರೆ ನಾನೇ ಎದ್ದು ನಿನ್ನ ಹೋಟ್ಲಿಗೆ ಬಂದ್ಬುಡ್ತೀನಿ.” ಅಕ್ಕ ಹೋಟೆಲಿಗೆ ಬಂದರೆ ನನ್ನ ಗತಿ ಏನು ಎಂದು ನಾನು ಆವತ್ತಿನಿಂದಲೇ ಹುಡುಕತೊಡಗಿದೆ.

ನನ್ನ ಗಿರಾಕಿಗಳಲ್ಲಿ ರುದ್ರಪ್ರಸಾದ್ ಎಂಬುವನೊಬ್ಬ. ಬಿಡದಿಯ ಹೊರಗೆ ಅವರಪ್ಪ ಮಾಡಿಟ್ಟ ಮಾವು, ತೆಂಗಿನ ತೋಟವಿದೆ. ವಯಸ್ಸು ನಲವತ್ತರ ಹತ್ತಿರ, ಹಣೆಗೆ ವಿಭೂತಿ ಇಡದೆ ಮನೆಯಿಂದ ಹೊರಡುವವನಲ್ಲ. ತೋಟದ ಶೆಡ್ಡಿನಲ್ಲಿ ಪರದೇಶದ ಹಾವುಗಳನ್ನು ಸಾಕಿದ್ದ. ಸರ್ಕಾರಕ್ಕೆ ತಿಳಿಸಿ ಕಾಗದಪತ್ರ ಮಾಡಿಸಿಕೊಂಡೇ ಸಾಕಿದ್ದ, ನಮ್ಮ ನಾಗರ, ಕೇರೆಗಳನ್ನು ಮುಟ್ಟುತ್ತಿರಲಿಲ್ಲ. ಶಾಲೆಯ ಮಕ್ಕಳನ್ನು ಕರೆಸಿ ತೋರಿಸುತ್ತಿದ್ದ. ವಿಷವಿಲ್ಲದ ಎರಡು ಬೇರೆ ಬೇರೆ ಜಾತಿಯ ಹಾವುಗಳನ್ನು ಕೂಡಿಸಿ ಯಾರ ಹತ್ತಿರವೂ ಇಲ್ಲದ ಬಣ್ಣದ ಮರಿ ಮಾಡಿಸಬೇಕು ಎಂಬುದು ಅವನ ಆಸೆ. ಅವು ಒಂದರ ಮುಖ ಒಂದು ನೋಡುತ್ತಿಲ್ಲ ಎಂದು ಒಂದು ದಿನ ಚಟ್ನಿ ಕಲೆಸುತ್ತ ಗೋಳು ಹೇಳಿಕೊಂಡ. ನನ್ನ ನಾಲಿಗೆ ಸುಮ್ಮನಿದ್ದರೆ ತಾನೇ? ಜೋಡಿ ಕೂಡಿಸುವುದಕ್ಕೆ ನಮ್ಮ ಭಾವನನ್ನು ಬಿಟ್ಟರೆ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದುಬಿಟ್ಟೆ. ನಾನು ಹೇಳಿದ್ದು ತಮಾಷೆಗೆ. ಮುಂದಿನ ವಾರ ನೋಡಿದರೆ ಭಾವ ಟಿಫಿನ್ ಡಬ್ಬಿ ಹಿಡಿದು ತೋಟದ ಗೇಟಿನಲ್ಲಿ ನಿಂತಿದ್ದಾನೆ.

ಅಕ್ಕ ಕೆಲಸ ಬೇಡವೆನ್ನಲಿಲ್ಲ. ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂದಳು, ಅಷ್ಟೇ. ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತೇವೆ. ಭಾವ ಹಗಲಿನಲ್ಲೂ ಹುಳ ಎಂದೇ ಕರೆದ. ಅವನ ಮಟ್ಟಿಗೆ ಕೋಠಿ ಬದಲಾಗಿತ್ತು, ಕೆಲಸ ಬದಲಾಗಿರಲಿಲ್ಲ.

ನನಗೆ ಮಾತ್ರ ಹಾವೆಂದರೆ ಆಗುವುದಿಲ್ಲ. ಚಿತ್ರದಲ್ಲಿದ್ದರೂ ಪುಟ ತಿರುಗಿಸುವವನು ನಾನು. ಭಾವ ಅವುಗಳಿಗೆ ಹೆಸರಿಟ್ಟ. ಹಣ್ಣು ಮೆಣಸಿನಕಾಯಿಯ ಬಣ್ಣದ ಹೆಣ್ಣು ಹಾವಿಗೆ ಕೆಂಚಿ. ಅದರ ಜಾತಿಗೆ ಕಾರ್ನ್ ಸ್ನೇಕ್ ಎನ್ನುತ್ತಾರಂತೆ, ಜೋಳ ತಿನ್ನುತ್ತದೆಯೇ ಎಂದು ಕೇಳಿದರೆ ರುದ್ರಪ್ರಸಾದ್ ನಕ್ಕ. ಕರಿ ಮೈಯ ಮೇಲೆ ಬಿಳಿ ಪಟ್ಟೆ ಇದ್ದ ಗಂಡು ಕಿಂಗ್ ಸ್ನೇಕ್. ಅದು ತಲೆ ಎತ್ತಿಕೊಂಡು ಓಡಾಡುವ ಠೀವಿ ನೋಡಿ ಭಾವ ಅದಕ್ಕೆ ಪಟೇಲ ಎಂದ.

ಜೋಡಿ ಬಿಡುವ ದಿನ ಬಂತು. ಭಾವ ತನಗೆ ಬರುವ ವಿದ್ಯೆಯನ್ನೇ ಮಾಡಿದ. ಪಟೇಲನನ್ನೂ ಕೆಂಚಿಯನ್ನೂ ಒಂದೇ ಪೆಟ್ಟಿಗೆಗೆ ಬಿಟ್ಟು, ಮೇಲೆ ಬಟ್ಟೆ ಹೊದಿಸಿ ಕತ್ತಲು ಮಾಡಿ, ಇನ್ನು ಇಲ್ಲಿ ನಿಂತು ನೋಡುವುದು ಮರ್ಯಾದೆಯಲ್ಲ ಎಂದು ನನ್ನ ಹೋಟೆಲಿಗೆ ಇಡ್ಲಿ ತಿನ್ನಲು ಬಂದ. ಕೋಠಿಯಲ್ಲಿ ಅದು ಟೀ ಕುಡಿಯುವ ಹೊತ್ತು. ಎರಡನೆಯ ಇಡ್ಲಿಗೆ ಬೆಣ್ಣೆ ಹಾಕಿಸಿಕೊಳ್ಳುವಾಗ ರುದ್ರಪ್ರಸಾದನ ಫೋನು ಬಂತು. ಏನು ಹೇಳಿದನೋ, ಭಾವ ಕೈ ತೊಳೆಯದೆ ಎದ್ದ. ನಾನು ಸ್ಕೂಟರ್ ತೆಗೆದೆ.

ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ನೋಡಿದ್ದು ಇಷ್ಟು. ಪಟೇಲ ಕೆಂಚಿಯ ಬಾಲವನ್ನು ಒಂದು ಗೇಣು ನುಂಗಿ, ಮುಂದಿನದಕ್ಕೆ ಬಾಯಿ ಅಗಲಿಸುತ್ತಿದ್ದ. ರುದ್ರಪ್ರಸಾದ್ ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬಾಟಲಿ ಹುಡುಕಿ, ಪಟೇಲನ ಬಾಯಿಯ ಹತ್ತಿರ ಎರಡು ಹನಿ ಬಿಟ್ಟ. ಆ ಘಾಟಿಗೆ ಪಟೇಲ ಮುಖ ಸಿಂಡರಿಸಿಕೊಂಡು ಬಾಲವನ್ನು ಹೊರಗೆ ಬಿಟ್ಟ. ಕೆಂಚಿಗೆ ನಾಲ್ಕು ಹಲ್ಲಿನ ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ರುದ್ರಪ್ರಸಾದ್ ಬಯ್ಯಲಿಲ್ಲ. ನೆಲದ ಮೇಲೆ ಕುಸಿದು ಕೂತು, ಆ ಜಾತಿಯ ಹಾವಿಗೆ ಬೇರೆ ಹಾವುಗಳೇ ಊಟ, ಕಣ್ಣಿಟ್ಟಿರಬೇಕು ಎಂದು ಹೇಳಲು ತಾನೇ ಮರೆತೆ ಎಂದ. ಆಮೇಲೆ ನಗತೊಡಗಿದ.

ಭಾವನ ತಪ್ಪೂ ತಪ್ಪಲ್ಲ. ರೇಷ್ಮೆ ಚಿಟ್ಟೆ ಹುಟ್ಟಿದ ಮೇಲೆ ಸಾಯುವವರೆಗೂ ಒಂದು ತುತ್ತು ತಿನ್ನುವುದಿಲ್ಲ, ತಿನ್ನುವ ಬಾಯಿಯೇ ಅದಕ್ಕಿಲ್ಲ. ಜೀವಮಾನವೆಲ್ಲ ಊಟ ಮಾಡದ ಗಂಡುಗಳ ಮದುವೆ ಮಾಡಿಸಿದವನಿಗೆ, ಹೆಣ್ಣನ್ನೇ ಊಟ ಮಾಡುವ ಗಂಡು ಹೊಸದು. ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ಅವನು ಒಂದೇ ಮಾತು ಹೇಳಿದ. “ಒಲ್ದೆ ಇರೋದ್ನ ನಾವು ಒಲಿಸ್ತಾ ಇದೀವೇನೋ ಅನ್ನುಸ್ತದೆ ಕಣ್ಲಾ.”

ಎರಡನೆಯ ಸಲ ರುದ್ರಪ್ರಸಾದ್ ಉಪಾಯ ಹೇಳಿಕೊಟ್ಟ. ಪಟೇಲನಿಗೆ ಮೊದಲು ಹೊಟ್ಟೆ ತುಂಬ ಇಲಿ ತಿನ್ನಿಸಬೇಕು. ಆಮೇಲೆ ಪಟೇಲನ ಜಾತಿಯ ಹೆಣ್ಣು ಬಿಟ್ಟ ಪೊರೆಯನ್ನು ಒದ್ದೆ ಮಾಡಿ ಕೆಂಚಿಯ ಮೈಗೆ ಉಜ್ಜಬೇಕು. ವಾಸನೆಗೆ ಪಟೇಲ ತನ್ನವಳೇ ಎಂದು ನಂಬುತ್ತಾನೆ. ಭಾವ ಉಜ್ಜಿದ. ಸುಳ್ಳು ಹೇಳಿ ಮದುವೆ ಮಾಡಿಸುವುದು ನಮ್ಮಲ್ಲೇನೂ ಹೊಸದಲ್ಲ. ನನ್ನ ಮದುವೆಯಲ್ಲಿ ಹುಡುಗನಿಗೆ ಎರಡು ಹೋಟೆಲ್ ಎಂದಿದ್ದರು, ಇದ್ದದ್ದು ಒಂದು, ಅದೂ ಬಾಡಿಗೆಯದು. ಪಟೇಲನೂ ನನ್ನ ಮಾವನ ಹಾಗೆ ನಂಬಿದ. ಈ ಸಲ ಭಾವ ಇಡ್ಲಿಗೆ ಬರಲಿಲ್ಲ, ಪೆಟ್ಟಿಗೆಯ ಮುಂದೆಯೇ ಸ್ಯಾನಿಟೈಸರ್ ಹಿಡಿದು ಕಾವಲು ಕೂತ.

ಕೆಂಚಿ ಮೊಟ್ಟೆ ಇಟ್ಟಿತು. ತೆಂಗಿನ ನಾರಿನ ಪುಡಿಯನ್ನು ಹದವಾಗಿ ನೆನೆಸಿ, ಅದರಲ್ಲಿ ಮೊಟ್ಟೆಗಳನ್ನು ಮಗ್ಗುಲು ಬದಲಾಯಿಸದೆ ಇಟ್ಟು ಭಾವ ಎರಡು ತಿಂಗಳು ಕಾದ. ಮೊಟ್ಟೆ ಕಾಯುವುದು ಅವನಿಗೆ ಗೊತ್ತಿದ್ದ ಕೆಲಸ. ಒಂದು ಬೆಳಿಗ್ಗೆ ಮೊಟ್ಟೆಗಳು ಸೀಳಿ ಒಂದೊಂದೇ ಮೂತಿ ಹೊರಗೆ ಬಂತು. ಒಟ್ಟು ಎಂಟು ಮರಿ. ಎಂಟಕ್ಕೂ ಎಂಟು ಬಣ್ಣ. ಒಂದು ಕೆಂಪಿನ ಮೇಲೆ ಕರಿ ಸರಪಳಿ, ಒಂದು ಕೇಸರಿ, ಒಂದು ಪೂರ್ತಿ ಬೂದಿ. ಒಂದಕ್ಕಂತೂ ಕುರುಬರ ಕಂಬಳಿಯ ಹಾಗೆ ಕಪ್ಪಿನ ನಡುವೆ ಬಿಳಿ ಎಳೆ. ಭಾವ ಅದಕ್ಕೆ ಕಂಬಳಿ ಎಂದೇ ಹೆಸರಿಟ್ಟ. ಆವತ್ತು ನನ್ನ ಹೋಟೆಲಿಗೆ ಬಂದು, ಬಂದವರಿಗೆಲ್ಲ ಒಂದೊಂದು ಚಮಚ ಕೇಸರಿಬಾತು ಹಾಕಿಸಿದ. ಏನು ವಿಶೇಷ ಎಂದು ಜನ ಕೇಳಿದರೆ ಮನೆಯಲ್ಲಿ ಮಕ್ಕಳಾಗಿದೆ ಎಂದ. ಅವನ ನೆರೆತ ತಲೆ ನೋಡಿದವರು ಮುಂದೆ ಏನೂ ಕೇಳಲಿಲ್ಲ.

ಫೋಟೋವನ್ನು ಅಕ್ಕನಿಗೆ ತೋರಿಸಿದರೆ ಅವಳು ಮೂಗು ಮುರಿದಳು. ಅಕ್ಕನೂ ಬೀಜದ ಹುಳ ಸಾಕಿದವಳೇ. ಎರಡು ಶುದ್ಧ ತಳಿ ಕೂಡಿಸಿದರೆ ಮೊದಲ ಬೆಳೆ ಎಲ್ಲ ಒಂದೇ ಥರ ಬರಬೇಕು ಎಂಬುದು ಅವಳ ಲೆಕ್ಕ. “ಎಂಟೂ ಎಂಟು ಥರ ಐತಲ್ಲ, ಬೀಜ ಕೆಟ್ಟಿರೋ ಹುಳದ ತಟ್ಟೆ ಇದ್ದಂಗೈತೆ” ಎಂದಳು. ಹಾವಿಗೂ ಹುಳಕ್ಕೂ ಒಂದೇ ಲೆಕ್ಕವೇ ಎಂದು ಭಾವ ರೇಗಿ ಫೋನನ್ನು ಜೇಬಿಗಿಟ್ಟ. ಹೊಸದಾಗಿ ಅಪ್ಪನಾದವನಿಗೆ ಮಗು ಯಾರ ಹಾಗೂ ಇಲ್ಲ ಎಂದರೆ ಸಿಟ್ಟು ಬರದೆ ಇರುತ್ತದೆಯೇ?

ಕಂಬಳಿ ಮೊದಲು ಬಾಯಿಗೆ ಏನೂ ಮುಟ್ಟಲಿಲ್ಲ. ಇಲಿಮರಿ ಇಟ್ಟರೆ ಮುಖ ತಿರುಗಿಸುವುದು, ಪಕ್ಕದ ಪೆಟ್ಟಿಗೆಯ ತಂಗಿಯನ್ನು ಗಾಜಿನಾಚೆಯಿಂದ ಆಸೆಯಿಂದ ನೋಡುವುದು. ತಾಯಿಯ ನಾಲಿಗೆ ಬೇಕೋ ತಂದೆಯ ನಾಲಿಗೆ ಬೇಕೋ ಅದಕ್ಕೇ ತಿಳಿಯದು ಎಂದು ಭಾವ ಮರುಗಿದ. ಬಿಸಿನೀರಿನಲ್ಲಿ ಅದ್ದಿದ ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು, ಅದರ ಮೂತಿಯ ಮುಂದೆ ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ಬದುಕುವುದಿಲ್ಲ, ಬಿಟ್ಟುಬಿಡಿ ಎಂದು ರುದ್ರಪ್ರಸಾದ್ ಹೇಳಿದ ಮೇಲೂ ಬಿಡಲಿಲ್ಲ. ಕೊನೆಗೊಂದು ದಿನ ಕಂಬಳಿ ಬಾಯಿ ತೆರೆಯಿತು. ಭಾವ ನನಗೆ ಫೋನ್ ಮಾಡಿ, ತಿಂತು ಕಣ್ಲಾ ಎಂದು ಹೇಳಿ ಇಟ್ಟುಬಿಟ್ಟ. ನಾನು ನಕ್ಕೆ. ನಕ್ಕರೂ ನನಗೂ ಖುಷಿಯಾಯಿತು ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೂರು ವರ್ಷ ಕಳೆಯಿತು. ಮರಿಗಳು ಮೊಳದುದ್ದ ದಾಟಿ ಮಾರುದ್ದವಾದವು. ಭಾವ ಬಾಗಿಲು ತೆರೆದರೆ ಎಂಟೂ ತಲೆ ಎತ್ತುತ್ತಿದ್ದವು. ಊಟದ ಆಸೆಗೆ ಎಂದು ರುದ್ರಪ್ರಸಾದ್ ಹೇಳಿದರೆ, ನಿಮ್ಮನ್ನು ನೋಡಿ ಎತ್ತುವುದಿಲ್ಲವಲ್ಲ ಎಂದು ಇವನ ಉತ್ತರ. ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ನಾನು ಇಡ್ಲಿ ಪಾರ್ಸಲ್ ಹಿಡಿದು ಹೋದಾಗ ಇಬ್ಬರೂ ಎದುರುಬದುರು ನಿಂತಿದ್ದರು. ಪಾರ್ಸಲ್ ಬಿಚ್ಚುವ ಮನಸ್ಸು ಯಾರಿಗೂ ಇದ್ದ ಹಾಗೆ ಕಾಣಲಿಲ್ಲ.

ರುದ್ರಪ್ರಸಾದನಿಗೆ ಕಂಬಳಿಯನ್ನು ಅದರ ತಮ್ಮನ ಜೊತೆಯೇ ಜೋಡಿ ಬಿಡಬೇಕಾಗಿತ್ತು. ಉಳಿದ ಹೆಣ್ಣುಗಳನ್ನು ಶುದ್ಧ ಕಾರ್ನ್ ಸ್ನೇಕುಗಳ ಜೊತೆ. ಮರಿಗಳ ಫೋಟೋ ನೋಡಿ ಬೇರೆ ಊರಿನವರು ಆಗಲೇ ಕೇಳುತ್ತಿದ್ದರಂತೆ. ಭಾವ ಕೈಕಟ್ಟಿ ನಿಂತಿದ್ದ.

“ಯಜಮಾನ್ರೇ, ಜೀವಮಾನ ಎಲ್ಲ ನೀವು ಮಾಡಿದ್ದು ಇದೇ ತಾನೇ?” ಎಂದ ರುದ್ರಪ್ರಸಾದ್. “ನಿಮ್ಮ ಹುಳ ಮಿಶ್ರ. ಕೊಟ್ಟಿಗೆಯ ಹಸು ಮಿಶ್ರ. ಹೊಲದ ಟೊಮೇಟೊ ಮಿಶ್ರ. ಹಾವು ಮಾತ್ರ ಏನು ಪಾಪ ಮಾಡ್ತು?”

ನನಗೆ ಆ ಮಾತು ಸರಿ ಎನಿಸಿತು. ನಾವು ತಿನ್ನುವ ಅನ್ನದಿಂದ ಕುಡಿಯುವ ಹಾಲಿನವರೆಗೆ ಬೆರಕೆ ಇಲ್ಲದ್ದು ಯಾವುದು? ಭಾವ ತಡೆದು ತಡೆದು ಮಾತಾಡಿದ.

“ಹುಳದ್ದು ನೂಲಾಯ್ತದೆ ಸ್ವಾಮಿ, ಅಲ್ಲಿಗೆ ಮುಗೀತು. ಹಸ ಹಾಲು ಕೊಡ್ತದೆ. ಇವುಗಳ್ನ ನಾವು ಹುಟ್ಟಿಸಿದ್ದು ಬರೀ ನೋಡಕ್ಕೆ. ಒಂದ್ ಕಿತ ನೋಡಾಯ್ತಲ್ಲ. ಮಿಶ್ರಾನ ಬೀಜಕ್ಕೆ ಬುಡಬಾರ್ದು.”

ತಾನು ಮೋಸ ಮಾಡುವವನಲ್ಲ, ಮಿಶ್ರ ಎಂದು ಹೇಳಿಯೇ ಕೊಡುತ್ತೇನೆ ಎಂದ ರುದ್ರಪ್ರಸಾದ್. ಅವನು ಸುಳ್ಳು ಹೇಳುವ ಮನುಷ್ಯನಲ್ಲ ಎನ್ನುವುದು ನನಗೂ ಗೊತ್ತು.

“ನೀವು ಹೇಳ್ತೀರಿ. ನಿಮ್ಮತ್ರ ತಕ್ಕಂಡೋನು ಹೇಳ್ತಾನಾ? ಅವನತ್ರ ತಕ್ಕಂಡೋನು? ಮೂರ್ನೇ ಕೈಗೆ ಹೋದ್ ಮ್ಯಾಕೆ ಅದು ಶುದ್ಧ ಬೀಜ ಆಗೋಯ್ತದೆ.”

“ಮೂರನೇ ಕೈಗೆಲ್ಲ ನಾನು ಹೊಣೆಯಾ?” ರುದ್ರಪ್ರಸಾದನ ದನಿ ಏರಿತ್ತು. ಭಾವ ಕಂಬಳಿಯ ಪೆಟ್ಟಿಗೆಗೆ ನೀರು ತುಂಬಿ, ಅಗಣಿ ಹಾಕಿ, ತನ್ನ ಕೈಲಿ ಇದು ಆಗುವುದಿಲ್ಲ ಎಂದು ಹೇಳಿ ಹೊರಗೆ ಬಂದ. ಗೇಟಿನವರೆಗೂ ತಿರುಗಿ ನೋಡಲಿಲ್ಲ. ಗೇಟು ದಾಟಿದ ಮೇಲೆ, ಮುಂದಿನ ಊಟ ಗುರುವಾರ ಎಂದು ಅವರಿಗೆ ನೆನಪಿರುತ್ತದಾ ಎಂದು ನನ್ನನ್ನು ಕೇಳಿದ.

ನಾನು ದಾರಿಯುದ್ದಕ್ಕೂ ಬುದ್ಧಿ ಹೇಳಿದೆ. ಹಾವು ಯಾರದು, ತೋಟ ಯಾರದು, ನಿಮಗ್ಯಾಕೆ ಊರ ಉಸಾಬರಿ ಎಂದೆ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ಗಂಡನ ಕಡೆ ಸೇರಿಕೊಂಡಳು. ಬೀಜದೂರಿನವರಿಗೆ ಇಡ್ಲಿಯವನ ಬುದ್ಧಿ ಬೇಕಾಗಿಲ್ಲ ಎಂದಳು. ನಾನೂ ಅದೇ ಸೀಮೆಯಲ್ಲಿ ಹುಟ್ಟಿದವನು ಎನ್ನುವುದು ಅವಳಿಗೆ ಮರೆತಿರಬೇಕು.

ಅಲ್ಲಿಂದ ಭಾವ ಮಂಕಾದ. ಚಪ್ಪಲಿಗಳು ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೂ ಜೋಡಿ ಮಾಡುತ್ತಿರಲಿಲ್ಲ, ಅದನ್ನು ನೋಡಿಯೇ ಅಕ್ಕನಿಗೆ ಭಯವಾಯಿತು. ಕೆಲಸ ಹೋಯಿತು ಎಂಬ ಚಿಂತೆ ಅವನಿಗಿರಲಿಲ್ಲ. ಎಂಟು ಮರಿಗಳನ್ನು ಒಂದೊಂದಾಗಿ ಯಾರ್ಯಾರಿಗೋ ಕೊಟ್ಟುಬಿಟ್ಟರೆ ಎನ್ನುವುದೇ ಚಿಂತೆ. ಬೆಟ್ಟಕ್ಕೆ ಬಿಡುವ ಹಾಗಿಲ್ಲ, ಅವು ಈ ಬೆಟ್ಟದವಲ್ಲ. ಪರದೇಶದ ಕಾಡಿಗೆ ಕಳಿಸುವ ಹಾಗೂ ಇಲ್ಲ, ಅವು ಆ ಕಾಡಿನವೂ ಅಲ್ಲ. ಪೆಟ್ಟಿಗೆ ಬಿಟ್ಟರೆ ಭೂಮಿಯ ಮೇಲೆ ಅವಕ್ಕೆ ಜಾಗವೇ ಇಲ್ಲ. ಆ ಪೆಟ್ಟಿಗೆಯೂ ಯಾರ ಮನೆಯ ಮೂಲೆ ಸೇರುತ್ತದೋ, ಕಂಬಳಿ ಊಟಕ್ಕೆ ಮುಖ ತಿರುಗಿಸಿದರೆ ಅದರ ಮುಂದೆ ಕೂರುವವರು ಯಾರೋ? ಭಾವನ ಮುಖ ನೋಡಿದರೆ ನನ್ನ ಬುದ್ಧಿಮಾತು ನನಗೇ ನಾಚಿಕೆಯಾಯಿತು.

ಒಂದು ಸೋಮವಾರ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿದ್ದಾಗ ರುದ್ರಪ್ರಸಾದನ ಕಾರು ಬಂದು ಬಾಗಿಲಲ್ಲಿ ನಿಂತಿತು. ಜಗಳ ಮುಂದುವರಿಸಲು ಬಂದನೇನೋ ಎಂದು ನಾನು ಲುಂಗಿ ಬಿಗಿ ಮಾಡಿಕೊಂಡೆ. ಅಕ್ಕ ಮಜ್ಜಿಗೆ ಕೊಟ್ಟಳು. ಅವನು ಒಂದೇ ಗುಕ್ಕಿಗೆ ಕುಡಿದು, ನೇರ ವಿಷಯಕ್ಕೆ ಬಂದ.

ಭಾವ ಹೇಳಿದ ಮೂರನೇ ಕೈಯ ಮಾತು ಅವನನ್ನು ಚುಚ್ಚಿತ್ತಂತೆ. ಅದು ಸುಳ್ಳೆಂದು ತೋರಿಸಬೇಕೆಂದು, ತನಗೆ ಕೆಂಚಿಯನ್ನು ಕೊಟ್ಟಿದ್ದವನಿಗೆ ಫೋನ್ ಮಾಡಿ ಅದರ ತಂದೆತಾಯಿಯ ವಿವರ ಕೇಳಿದ. ಅವನು ತನಗೆ ಕೊಟ್ಟವನ ಹೆಸರು ಹೇಳಿದ. ಆ ಮನುಷ್ಯ ಇನ್ನೊಬ್ಬನ ಕಡೆ ಕೈ ತೋರಿಸಿದ. ಕೊನೆಗೆ ಸಿಕ್ಕವನು, ಅದರ ಅಜ್ಜಿಯೋ ಮುತ್ತಜ್ಜಿಯೋ ಬೇರೆ ಜಾತಿ ಇರಬಹುದು, ಬಣ್ಣ ಏರಲಿ ಎಂದು ಯಾರೋ ಕೂಡಿಸಿದ್ದರು, ಈಗ ನೋಡಲು ಚೆನ್ನಾಗಿದೆಯಲ್ಲ, ಇನ್ನೇನು ಬೇಕು ಎಂದನಂತೆ. ರುದ್ರಪ್ರಸಾದ್ ನಂಬಿಕೆಯ ಮೇಲೆ ತಂದದ್ದು. ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಶುದ್ಧ ಕಾರ್ನ್ ಸ್ನೇಕ್ ಎಂದು ತೋರಿಸುತ್ತ ಬಂದದ್ದು.

“ನಾನೇ ಆ ಮೂರನೇ ಕೈ ಯಜಮಾನ್ರೇ” ಎಂದ.

ಮೊದಲು ನಕ್ಕವಳು ಅಕ್ಕ. ಎಂಟು ಮರಿಗೆ ಎಂಟು ಬಣ್ಣ ಬಂದಾಗಲೇ ನಾನು ಹೇಳಿರಲಿಲ್ಲವೇ, ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಎಲ್ಲಿದೆ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಭಾವ ತಲೆ ಕೆರೆದುಕೊಂಡ. ರುದ್ರಪ್ರಸಾದನಿಗೂ ನಗು ತಡೆಯಲಾಗಲಿಲ್ಲ. ಪೊರೆ ಉಜ್ಜಿ ಪಟೇಲನಿಗೆ ಮೋಸ ಮಾಡಿದ್ದೆವಲ್ಲ, ನನಗೆ ಯಾರೋ ಮೊದಲೇ ಉಜ್ಜಿದ್ದಾರೆ ಎಂದ.

ಆವತ್ತೇ ತೀರ್ಮಾನವಾಯಿತು. ಎಂಟು ಮರಿಗಳನ್ನೂ ಕೆಂಚಿಯನ್ನೂ ಇನ್ನು ಯಾರ ಜೊತೆಗೂ ಜೋಡಿ ಬಿಡುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಬದುಕಿರುವಷ್ಟು ದಿನ ತೋಟದಲ್ಲೇ ಇರುತ್ತವೆ. ಶೆಡ್ಡಿನ ಬಾಗಿಲಿಗೆ ರುದ್ರಪ್ರಸಾದ್ ಒಂದು ಬೋರ್ಡ್ ಬರೆಸಿದ: ಮಿಶ್ರ ತಳಿ, ಬೀಜಕ್ಕಲ್ಲ. ಶಾಲೆಯ ಮಕ್ಕಳು ಹಾಗೆಂದರೇನು ಎಂದು ಕೇಳುತ್ತಾರೆ. ಅವನು ಕೆಂಚಿಯ ಕಥೆಯನ್ನೂ ತಾನು ಮೋಸಹೋದದ್ದನ್ನೂ ಸೇರಿಸಿಯೇ ಹೇಳುತ್ತಾನೆ. ಮಕ್ಕಳಿಗೆ ಹಾವಿಗಿಂತ ಆ ಕಥೆಯೇ ಇಷ್ಟವಂತೆ. ಭಾವ ಮತ್ತೆ ಕೆಲಸಕ್ಕೆ ಹೋದ. ನಮ್ಮ ಅಕ್ಕನ ಡಬ್ಬಗಳು ಉಳಿದುಕೊಂಡವು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿದ್ದೆ. ಹೋದ ಆಷಾಢದಲ್ಲಿ ಒಂದು ಗುರುವಾರ ಬೆಳಿಗ್ಗೆ ತೋಟಕ್ಕೆ ಹೋದಾಗ ಭಾವ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು, ಕೈಗೆ ಸುತ್ತಿಕೊಂಡು ಶೆಡ್ಡಿನೊಳಗೆ ಕಿಟಕಿಯ ಪಕ್ಕ ಕೂತಿದ್ದ. ನಾನು ಎಂದಿನಂತೆ ಬಾಗಿಲಾಚೆಯೇ ನಿಂತೆ. ಅವನ ಮುಖದಲ್ಲಿ ಏನೋ ಇತ್ತು. ಏನು ಎಂದು ಕೇಳಿದೆ. ಈ ಜಾತಿಯವು ಇಪ್ಪತ್ತು ವರ್ಷ ಬದುಕುತ್ತವೆ ಎಂದು ರುದ್ರಪ್ರಸಾದ್ ಹೇಳಿದ್ದನಂತೆ. ಭಾವನಿಗೆ ಆಗ ಅರವತ್ತನಾಲ್ಕು. ರುದ್ರಪ್ರಸಾದ್ ನೋಡಿಕೊಳ್ಳುತ್ತಾನೆ, ಒಳ್ಳೆಯವನು, ಆದರೆ ಕಂಬಳಿ ಅವನ ಕೈಲಿ ತಿನ್ನುವುದಿಲ್ಲ.

ಇಷ್ಟಕ್ಕೆಲ್ಲ ಕೊರಗುತ್ತಾರಾ ಎಂದುಕೊಂಡು ನಾನು ಗಾದೆ ಬಿಟ್ಟೆ. “ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನಾ ಭಾವ? ಬುಡಿ ಅತ್ಲಾಗೆ.”

ಭಾವ ಕಂಬಳಿಯ ಬೆನ್ನು ಸವರುತ್ತಿದ್ದವನು ತಲೆ ಎತ್ತಿದ.

“ಇವುಗಳ್ನ ಹುಟ್ಟಿಸಿದ್ದು ದೇವ್ರಲ್ಲ ಕಣ್ಲಾ ಕೆಂಪ. ನಾನು.”

ಭಾವನಿಗಿಂತ ನಾನು ಹದಿನೈದು ವರ್ಷ ಚಿಕ್ಕವನು. ಅವನು ಅದನ್ನು ಹೇಳಲಿಲ್ಲ, ಕೇಳಲೂ ಇಲ್ಲ. ಮಗ್ಗುಲಲ್ಲಿ ಒಸಿ ಜಾಗ ಬಿಟ್ಟು ಸರಿದು ಕೂತ.

ನಾನು ಹೊಸಿಲು ದಾಟಿ ಒಳಗೆ ಹೋಗಿ, ಅವನ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು ಕೈ ಚಾಚಿದೆ. ಕಂಬಳಿ ತಣ್ಣಗಿದ್ದಳು, ಒದ್ದೆ ಇರುತ್ತಾಳೆ ಎಂದುಕೊಂಡಿದ್ದೆ, ಇರಲಿಲ್ಲ. ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಸುಮ್ಮನಾದಳು. ಭಾವ ಇಲಿ ಕಚ್ಚಿಸಿದ ಇಕ್ಕಳದ ಹಿಡಿಯನ್ನು ನನ್ನ ಇನ್ನೊಂದು ಕೈಗೆ ಕೊಟ್ಟು, ಅಲ್ಲಾಡಿಸಬೇಡ, ಅವಳೇ ಬರಲಿ ಎಂದ. ಬಹಳ ಹೊತ್ತು ಕೂತಿದ್ದೆವು. ಅವಳು ಬಂದಳು.

ಆಮೇಲಿಂದ ಗುರುವಾರ ನನ್ನ ಹೋಟೆಲಿಗೆ ರಜೆ. ಯಾಕೆ ಎಂದು ಗಿರಾಕಿಗಳು ಕೇಳಿದರೆ ದೇವಸ್ಥಾನಕ್ಕೆ ಹೋಗುತ್ತೇನೆ ಎನ್ನುತ್ತೇನೆ. ಇಡ್ಲಿ ಹುಯ್ಯುವ ಕೈ ಅಲ್ಲವೇ, ಅವರಿಗೆ ಹೇಳುವುದಕ್ಕಾಗುವುದಿಲ್ಲ.